ದೊಡ್ಡಿಯಂಗಳದ ನಲ್ಲಿ

ಬಾಂಗಿಲೆ ಭಾವ ತಮ್ಮ ಸೊಸೆಗೆ ಹೇಳಬೇಕಾದದ್ದನ್ನೆಲ್ಲ ನಾಯಿಗೆ ಹೇಳುತ್ತಿದ್ದರು. ಬೆಳಿಗ್ಗೆ ಕಂಬಳಿ ಹೊದ್ದು ಹೊರಗೆ ಬಂದು, ದನದ ದೊಡ್ಡಿಯ ಗೂಟಕ್ಕೆ ಒರಗಿ ನಿಂತು, "ಬೊನಾ, ಬೆಟ್ಟದ ಕಡೆಯಿಂದ ಗಾಳಿ ಬರ್ತಿದೆ. ಹೊಳೆಗೆ ಹೋಗೋರು ಶಾಲು ಹೊದ್ಕೊಂಡ್ರೆ ಒಳ್ಳೇದು" ಎನ್ನುವರು. ಬೊನಾ ಬಾಲ ಅಲ್ಲಾಡಿಸುವುದು. ಅಡುಗೆ ಗುಡಿಸಲಿನ ಹಿಂದೆ ಸೊಸೆ ನೊಸಾಖೆ ಶಾಲು ಎಳೆದುಕೊಳ್ಳುವಳು. ಸ್ವಲ್ಪ ಹೊತ್ತಿಗೆ ಅವಳು ಕೋಳಿಗಳೊಡನೆ ಮಾತಾಡುವುದು ಕೇಳಿಸುತ್ತಿತ್ತು. ಗಂಜಿ ಒಲೆಯ ಪಕ್ಕದಲ್ಲಿದೆಯಂತೆ, ಆರಿದರೆ ಗಂಟಲಿಗೆ ಇಳಿಯುವುದಿಲ್ಲವಂತೆ. ಭಾವ ಕೆಮ್ಮಿ, ಅವಳು ಸರಿದುಕೊಳ್ಳುವಷ್ಟು ಸಮಯ ಕೊಟ್ಟು, ಗಂಜಿಗೆ ಹೋಗುತ್ತಿದ್ದರು.

ಅವರ ಮನೆಗೂ ನಮ್ಮ ಮನೆಗೂ ನಡುವೆ ಇರುವುದು ಒಂದು ಕತ್ತಾಳೆ ಬೇಲಿ. ಅವರು ನನ್ನ ಗಂಡನ ದೊಡ್ಡಪ್ಪನ ಮಗ. ನಾನು ಈ ಊರಿನ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತಳಾದವಳು, ವಿಧವೆ, ಕೆಲಸವಿಲ್ಲದವಳು. ಹಾಗಾಗಿ ಮಾವ ಸೊಸೆಯರ ಈ ನಾಯಿಕೋಳಿ ಸಂಭಾಷಣೆಯನ್ನು ಬೇಲಿಯಾಚೆಯಿಂದ ಕೇಳುವುದೇ ನನ್ನ ಬೆಳಗಿನ ಸುಖವಾಗಿತ್ತು.

ನಮ್ಮಲ್ಲಿ ಸೊಸೆಯಾದವಳು ಮಾವನ ಮುಖಕ್ಕೆ ಮುಖ ಕೊಡುವುದಿಲ್ಲ. ದೊಡ್ಡಿಗೂ ಗುಡಿಸಲುಗಳ ಬಾಗಿಲಿಗೂ ನಡುವಿನ ಅಂಗಳವನ್ನು ತುಳಿಯುವುದಿಲ್ಲ. ಆ ಮಣ್ಣಿನಲ್ಲಿ ಮನೆಯ ಹಿರಿಯರು ಮಲಗಿದ್ದಾರೆ. ಸೊಸೆ ಅವರಿಗಿನ್ನೂ ಹೊಸಬಳು, ಅವರು ಅವಳ ಗುರುತು ಹಿಡಿಯುವ ತನಕ ಹಿತ್ತಿಲ ದಾರಿಯಲ್ಲಿ ಸುತ್ತಿ ನಡೆಯಬೇಕು. ನಾನೂ ಮಿಷನ್ ಕಾಲೇಜಿನ ಪದವಿಯನ್ನು ಪೆಟ್ಟಿಗೆಯ ತಳದಲ್ಲಿಟ್ಟು ಹಾಗೆಯೇ ಸುತ್ತಿ ನಡೆದವಳು. ಮೊದಲ ಮಗು ಆದಮೇಲೆ ಅತ್ತೆ ಬಂದು ಸೊಸೆಯ ಕೈಹಿಡಿದು ಅಂಗಳ ದಾಟಿಸುತ್ತಾಳೆ. ಅಲ್ಲಿಗೆ ಅದು ಮುಗಿಯಿತು, ಅಂಗಳ ಅವಳದೂ ಆಯಿತು.

ನೊಸಾಖೆಗೆ ಅತ್ತೆ ಇರಲಿಲ್ಲ. ಅವಳು ಮದುವೆಯಾಗಿ ಬರುವ ಮೊದಲೇ ಆಕೆ ತೀರಿಹೋಗಿದ್ದಳು. ಗಂಡ ಸಿವುಯಿಲೆ ದೂರದ ಗಣಿಯಲ್ಲಿ ದುಡಿಯುತ್ತಿದ್ದ, ಕ್ರಿಸ್‌ಮಸ್ಸಿಗೆ ಬಂದು ಹೊಸ ವರ್ಷ ಕಳೆದು ಹೋಗುತ್ತಿದ್ದ. ಮನೆಯಲ್ಲಿ ಮಾವ, ಸೊಸೆ, ನಾಯಿ, ದನ. ಎರಡು ಸಲ ಬಸಿರು ನಿಲ್ಲದೆ ಹೋಗಿ, ಆ ವರ್ಷ ಆಗಸ್ಟಿನಲ್ಲೊಮ್ಮೆ ಗಂಡ ಬಂದು ಹೋದಮೇಲೆ ನಿಂತ ಮೂರನೆಯದು ಐದು ತಿಂಗಳಿಗೆ ಬಂದಿತ್ತು. ಮಗು ಹುಟ್ಟಲಿ, ಅತ್ತೆಯ ಜಾಗದಲ್ಲಿ ನಿಂತು ನಾನೇ ನಿನ್ನ ಕೈಹಿಡಿದು ದಾಟಿಸುತ್ತೇನೆ ಎಂದು ಅವಳಿಗೆ ಮಾತು ಕೊಟ್ಟಿದ್ದೆ. ಅವಳು ನಕ್ಕು, "ಅತ್ತೆ, ಅಷ್ಟರಲ್ಲಿ ನಿಮ್ಮ ಮೊಣಕಾಲು ಕೈಕೊಟ್ರೆ ನಾನೇ ನಿಮ್ಮನ್ನ ದಾಟಿಸಬೇಕಾಗ್ತದೆ" ಎಂದಿದ್ದಳು.

ಆ ಡಿಸೆಂಬರಿನಲ್ಲಿ ಕಾಲೇಜು ರಜೆಗೆ ಪಟ್ಟಣದಿಂದ ಹುಡುಗ ಹುಡುಗಿಯರ ಒಂದು ಗುಂಪು ಬಂತು. ಬೇರೆ ಬೇರೆ ಊರಿನವರು, ಸ್ವಯಂಸೇವಕರು. ಬೆಟ್ಟದ ಊಟೆಯಿಂದ ಕೊಳವೆ ಎಳೆದು ನಮ್ಮ ಓಣಿಗೆ ನಲ್ಲಿ ಹಾಕಿಸುವುದು ಅವರ ಕೆಲಸ. ಮಳೆಗಾಲದಲ್ಲಿ ನಮ್ಮ ಹೊಳೆಯ ನೀರು ಕೆಂಪಾಗಿ ಹರಿಯುತ್ತದೆ, ಇಳಿಜಾರು ದಾರಿಯ ಜೇಡಿ ಕಾಲು ನಿಲ್ಲಗೊಡುವುದಿಲ್ಲ. ಅವರು ಬಂದದ್ದು ಎಲ್ಲರಿಗೂ ಸಂತೋಷವೇ.

ಗುಂಪಿನ ಮುಂದಾಳು ಝುಕಿಸ್ವಾ. ಇಪ್ಪತ್ತೊಂದು ವರ್ಷದ, ನಮ್ಮ ಮಾತೇ ಆಡುವ, ಆದರೆ ಪಟ್ಟಣದ ಒತ್ತೊತ್ತಾದ ಮನೆಗಳ ನಡುವೆ ಬೆಳೆದ ಹುಡುಗಿ. ತಾಯಿ ಆಸ್ಪತ್ರೆಯಲ್ಲಿ ದಾದಿ. ನನ್ನ ಎರಡನೆಯ ಗುಡಿಸಲಿನಲ್ಲಿ ಅವಳಿಗೆ ಹಾಸಿಗೆ ಹಾಕಿಕೊಟ್ಟೆ. ರಾತ್ರಿ ಎದ್ದರೆ ನನಗೆ ಎಚ್ಚರವಾದೀತೆಂದು ಚಪ್ಪಲಿ ಕೈಯಲ್ಲಿ ಹಿಡಿದು ನಡೆಯುವ ಹುಡುಗಿ ಅವಳು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ಅವಳು ಮಾಡಿದ್ದನ್ನು ಓದುವಾಗ ಆ ಚಪ್ಪಲಿಯೂ ನೆನಪಿನಲ್ಲಿರಲಿ.

ನಲ್ಲಿ ಎಲ್ಲಿರಬೇಕೆಂದು ಸಭೆ ಸೇರಿತು. ಊಟೆಗೆ ಹತ್ತಿರದ ಮನೆ ಬಾಂಗಿಲೆ ಭಾವನದು. ಅವರು ಎದ್ದು ನಿಂತು, ಊರಿಗೆ ಬರುವ ನೀರು ಮನೆಯ ಮೂಲೆಯಲ್ಲಿ ನಿಲ್ಲಬಾರದು, ಮರ್ಯಾದೆಯ ಜಾಗದಲ್ಲಿ ನಿಲ್ಲಬೇಕು ಎಂದು ಹೇಳಿ ತಮ್ಮ ದೊಡ್ಡಿಯ ಮುಂದಿನ ಅಂಗಳವನ್ನೇ ಕೊಟ್ಟರು. ಅದಕ್ಕಿಂತ ದೊಡ್ಡ ಉಡುಗೊರೆ ನಮ್ಮಲ್ಲಿಲ್ಲ. ಗಂಡಸರು ತಲೆದೂಗಿದರು. ಹಿಂದುಗಡೆ ತಲೆಗೆ ಬಟ್ಟೆ ಹೊದ್ದು ಕುಳಿತಿದ್ದ ಸೊಸೆಯರನ್ನೂ ಝುಕಿಸ್ವಾ ಒಪ್ಪಿಗೆ ಕೇಳಿದಳು. ಅವರೂ ತಲೆದೂಗಿದರು. ಮಾವಂದಿರ ಎದುರು ಸೊಸೆಯರು ಬೇರೇನು ಮಾಡುತ್ತಾರೆ? ಬೇರೆ ಮನೆಗಳಲ್ಲಿ ಸಣ್ಣ ಹುಡುಗಿಯರಿದ್ದರು, ವಯಸ್ಸಾದ ಅತ್ತೆಯರಿದ್ದರು. ಅವರು ಹೋಗಿ ನೀರು ಹಿಡಿದು ತರುತ್ತಾರೆ. ತಾನು ಬರಲಾಗದೆ, ಕಳಿಸಲೂ ಯಾರಿಲ್ಲದವಳು ಊರಿಗೆಲ್ಲ ಒಬ್ಬಳೇ, ಯಾರ ಮನೆಯಂಗಳದಲ್ಲಿ ನಲ್ಲಿಯೋ ಆ ಮನೆಯವಳೇ.

ಅಗೆತ ಶುರುವಾಯಿತು. ಮಟೋಲೊ ಎಂದು ನನ್ನ ಗೆಳತಿ ಒಬ್ಬಳಿದ್ದಾಳೆ, ಅವಳ ನಾಲಿಗೆಗೆ ಬಿಡುವಿಲ್ಲ. ಹುಡುಗರು ಸಲಿಕೆ ಹಿಡಿದದ್ದನ್ನು ಬೇಲಿಯ ಮೇಲಿಂದ ನೋಡಿ, "ಏನ್ರಪ್ಪಾ, ನೆಲಕ್ಕೆ ಇಂಜೆಕ್ಷನ್ ಕೊಡ್ತಿದೀರಾ? ಅದಕ್ಕೇನು ಜ್ವರ ಬಂದಿಲ್ಲ, ಜೋರಾಗೇ ಹೊಡೀರಿ" ಎಂದಳು. ಕೊಳವೆಯ ಕೆಲಸ ಬಲ್ಲ ಅಯಾಬೊಂಗಾ ಎಂಬ ಎತ್ತರದ ಹುಡುಗ ಕೈಯ ಬೊಬ್ಬೆ ತೋರಿಸಿದ. ಮಟೋಲೊ ಆಮೇಲೆ ಹೋಗಿ ಮೇಕೆಕೊಬ್ಬು ತಂದು ಅವನ ಅಂಗೈಗೆ ಹಚ್ಚಿ ಬಟ್ಟೆ ಕಟ್ಟಿದಳು. ಅದನ್ನು ಮಾಡುವಾಗಲೂ ಬಯ್ಯುತ್ತಲೇ ಇದ್ದಳು.

ನಲ್ಲಿ ನಿಂತು ಸಿಮೆಂಟು ಒಣಗುತ್ತಿದ್ದ ದಿನಗಳಲ್ಲಿ ಝುಕಿಸ್ವಾ ನೊಸಾಖೆಯ ಜೊತೆ ಒಮ್ಮೆ ಹೊಳೆಗೆ ಹೋದಳು. ಬಕೆಟ್ಟನ್ನು ತಾನೇ ತಲೆಯ ಮೇಲೆ ಹೊತ್ತು ಅರ್ಧ ದಾರಿ ಬಂದಳಂತೆ, ಮೈಯೆಲ್ಲ ನೆನೆದಿತ್ತು. ದಾರಿಯಲ್ಲಿ ನೊಸಾಖೆ ಹೊಟ್ಟೆ ಹಿಡಿದು ಕಲ್ಲಿನ ಮೇಲೆ ಕುಳಿತುಬಿಟ್ಟಳಂತೆ. ಇನ್ನೇನು, ನಾಳಿದ್ದು ನಲ್ಲಿ ಬಂತಲ್ಲ ಎಂದರೆ, ಅದು ಊರಿಗೆ ಅಕ್ಕ, ನನಗೆ ಹೊಳೆಯೇ ಎಂದು ನಗುತ್ತ ಹೇಳಿದಳಂತೆ.

ಝುಕಿಸ್ವಾ ನನ್ನ ಹತ್ತಿರ ಬಂದು ಕೂತಾಗ ಮುಖ ಕಪ್ಪಿಟ್ಟಿತ್ತು.

"ಅಜ್ಜಿ, ಯಾರಿಗೆ ಬೇಕೋ ಅವಳಿಗೇ ಸಿಗದ ನೀರು ಎಂಥ ನೀರು?"

ನಾನು ಅವಳಿಗೆ ಅಂಗಳದ ವಿಷಯ ಬಿಡಿಸಿ ಹೇಳಿದೆ. ಮಗುವಾಗುವ ತನಕ ಅಷ್ಟೇ ಎಂದೆ. ಭಾವ ಸುಮ್ಮನಿರುವವರಲ್ಲ, ಏನಾದರೊಂದು ದಾರಿ ಮಾಡುತ್ತಾರೆ, ಅವಸರ ಮಾಡಬೇಡ ಎಂದೆ. ಅವಳು ಕೇಳಿಸಿಕೊಂಡಳು. ಆದರೆ ಆ ಕಲ್ಲಿನ ಮೇಲೆ ಕುಳಿತ ನೊಸಾಖೆ ಅವಳ ಕಣ್ಣಿನಿಂದ ಹೋಗಿರಲಿಲ್ಲ. ಹೋಗಬೇಕೆಂದು ನಾನೂ ಹೇಳಲಾರೆ. ನೋಡಿದ ಕಣ್ಣು ಅದು.

ಜನವರಿ ಕೊನೆಯಲ್ಲಿ ನಲ್ಲಿ ತೆರೆಯುವ ದಿನ ಬಂತು. ಭಾವ ಒಂದು ಕುರಿ ಕಡಿಸಿದರು. ಮಟೋಲೊ ಮೆಕ್ಕೆಜೋಳದ ಹೆಂಡ ಇಳಿಸಿದ್ದಳು. ಹಿತ್ತಿಲಲ್ಲಿ ಮೂರು ಕಾಲಿನ ದೊಡ್ಡ ಪಾತ್ರೆಗಳಲ್ಲಿ ನುಚ್ಚುಜೋಳ ಕಾಳಿನೊಡನೆ ಬೇಯುತ್ತಿತ್ತು. ನೊಸಾಖೆ ಬೆಂಕಿ ನೋಡಿಕೊಳ್ಳುತ್ತ ಅಲ್ಲೇ ಇದ್ದಳು. ಅಂಗಳದಲ್ಲಿ ಗಂಡಸರು ದೊಡ್ಡಿಯ ಪಕ್ಕಕ್ಕೆ, ನಮ್ಮಂಥ ಮುದುಕಿಯರು ಗುಡಿಸಲ ನೆರಳಿಗೆ. ಭಾಷಣಗಳಾದವು. ಊರ ಮುಖಂಡನ ಕಡೆಯವನೊಬ್ಬ ತನ್ನ ಭಾಷಣದಲ್ಲಿ ನೀರು ಎಂಬ ಮಾತು ಬಿಟ್ಟು ಮಿಕ್ಕೆಲ್ಲ ಹೇಳಿದ.

ಆಮೇಲೆ ಝುಕಿಸ್ವಾ ಎದ್ದಳು. ಮೊದಲ ಬಕೆಟ್ಟು ನೀರನ್ನು ಈ ಮನೆಯ ಹೆಣ್ಣುಮಗಳೇ ಹಿಡಿಯಬೇಕು ಎಂದಳು. ಹೇಳಿದವಳೇ ಗುಡಿಸಲು ಸುತ್ತಿ ಹಿಂದಕ್ಕೆ ಹೋದಳು. ಬರುವಾಗ ನೊಸಾಖೆಯ ಕೈ ಹಿಡಿದುಕೊಂಡು ಬಂದಳು.

ಆ ಕೈ ಹಿಡಿದದ್ದನ್ನು ಕಂಡು ನಾನು ಏಳಲು ನೆಲಕ್ಕೆ ಕೈಯೂರಿದೆ. ಅದು ಅತ್ತೆ ಹಿಡಿಯುವ ಕೈ. ನೊಸಾಖೆ ಗುಡಿಸಲಿನ ಅಂಚಿನಲ್ಲಿ ನಿಂತು ಒಮ್ಮೆ ನನ್ನ ಕಡೆ ನೋಡಿದಳು. ನಾನು ಏಳುವಷ್ಟರಲ್ಲಿ ಝುಕಿಸ್ವಾ ಎಳೆದಾಗಿತ್ತು. ಮನೆಗೆ ಬಂದ ಅತಿಥಿ, ನೀರು ತಂದವಳು, ಅಷ್ಟು ಜನರ ಎದುರು ಕೈ ಹಿಡಿದು ಕರೆಯುತ್ತಿದ್ದಾಳೆ. ಒಲ್ಲೆನೆಂದು ಕೈ ಕೊಡವಿದರೆ ಅದೂ ಮನೆಗೆ ಅವಮಾನ. ನೊಸಾಖೆ ತಲೆ ತಗ್ಗಿಸಿ ಅಂಗಳಕ್ಕೆ ಕಾಲಿಟ್ಟಳು.

ಆಗ ಬಾಂಗಿಲೆ ಭಾವ ಮೆಲ್ಲನೆ ಎದ್ದರು. ಕಂಬಳಿ ಸರಿಮಾಡಿಕೊಂಡು, ಎಲ್ಲರಿಗೂ ಬೆನ್ನು ಮಾಡಿ, ದೊಡ್ಡಿಯ ಕಡೆ ತಿರುಗಿ ನಿಂತರು. ಒಳಗೆ ಯಾವುದೋ ಹಸು ಕರು ಹಾಕುತ್ತಿದೆಯೇನೋ ಎಂಬಂತೆ ಅಲ್ಲೇ ನೋಡತೊಡಗಿದರು. ಅವರ ಪಕ್ಕದವರು ಎದ್ದರು, ತಿರುಗಿದರು. ಒಬ್ಬೊಬ್ಬರಾಗಿ ಗಂಡಸರೆಲ್ಲ ತಿರುಗಿದರು. ಮುಖಂಡನ ಕಡೆಯವನೂ ತಿರುಗಿದ. ಆ ಮುದುಕರ ಹರಿದ ಕೋಟುಗಳ ಬೆನ್ನುಗಳನ್ನು ನೋಡಿ ನನಗೆ ಹೋದ ಉಸಿರು ಬಂತು. ನೊಸಾಖೆಗೂ ತಿಳಿಯಿತು. ಅವಳ ನಡೆ ಹಗುರವಾಯಿತು. ಸರಸರ ಹೋಗಿ ಬಕೆಟ್ಟು ಇಟ್ಟು ನಲ್ಲಿ ತಿರುಗಿಸಿದಳು. ನೀರು ಬಂತು, ತಿಳಿಯಾದ ನೀರು. ಬಕೆಟ್ಟು ತುಂಬಿ ಎತ್ತಿಕೊಂಡಳು. ಇನ್ನು ಹಿಂದಿರುಗಿ ಗುಡಿಸಲ ಮರೆಗೆ ಸೇರುವುದಷ್ಟೇ ಉಳಿದಿತ್ತು.

ಝುಕಿಸ್ವಾ ಸುತ್ತ ನೋಡಿದಳು. ಅವಳಿಗೆ ಕಂಡದ್ದು ಬೆನ್ನುಗಳು.

"ಇದೇನು?" ಎಂದಳು. "ಒಂದು ಹೆಣ್ಣು ನೀರು ಹಿಡಿದ್ರೆ ಮುಖ ತಿರುಗಿಸ್ಕೊಂಡು ನಿಲ್ತೀರಾ? ಇವಳು ಯಾರಿಗೆ ಏನು ಮಾಡಿದಾಳೆ? ತಾತ, ಇತ್ತ ತಿರುಗಿ. ನಿಮ್ಮ ಸೊಸೆ ಇಲ್ಲೇ ನಿಂತಿದಾಳೆ. ನೋಡಿ."

ಯಾರೂ ಅಲ್ಲಾಡಲಿಲ್ಲ. ಅವಳು ಮತ್ತೆ, "ತಾತ" ಎಂದು ಕರೆದಳು.

ಅತಿಥಿ ಎರಡು ಸಲ ಕರೆದರೂ ಮನೆಯ ಯಜಮಾನ ಓಗೊಡದೆ ಹೇಗಿರುತ್ತಾನೆ? ಭಾವ ತಿರುಗಿದರು. ಮೂರು ವರ್ಷ ಒಂದೇ ಮನೆಯಲ್ಲಿದ್ದ ಮಾವ ಸೊಸೆ ಮೊದಲ ಸಲ ಮುಖಕ್ಕೆ ಮುಖ ಕೊಟ್ಟು ನಿಂತರು, ಊರಿನ ಎದುರಿಗೆ. ನೊಸಾಖೆ ಬಕೆಟ್ಟನ್ನು ಮೆಲ್ಲಗೆ ಕೆಳಗಿಟ್ಟಳು, ಒಂದು ಹನಿ ಚೆಲ್ಲಲಿಲ್ಲ. ಬಂದ ದಾರಿಯಲ್ಲಿ ತಿರುಗಿ ನಡೆದು ಗುಡಿಸಲ ಹಿಂದೆ ಮರೆಯಾದಳು. ಆ ಬಕೆಟ್ಟು ಸಂಜೆಯವರೆಗೂ ಅಲ್ಲೇ ಇತ್ತು.

ಅಂದು ಸಂಜೆಯೇ ಕುಲದ ಹಿರಿಯರು ಸೇರಿದರು. ಕಂಡದ್ದನ್ನು ಇನ್ನು ಕಂಡಿಲ್ಲ ಎನ್ನುವ ಹಾಗಿರಲಿಲ್ಲ. ಸೊಸೆ ಅಂಗಳ ತುಳಿದಿದ್ದಾಳೆ, ತವರಿಗೆ ಹೋಗಿ ಒಂದು ಮೇಕೆಯೊಡನೆ ಬರಲಿ, ಹಿರಿಯರಿಗೆ ಹೇಳಿ ಕಡಿದು ಉಂಡರೆ ಅಲ್ಲಿಗೆ ಆಯಿತು ಎಂದು ತೀರ್ಮಾನಿಸಿದರು. ದೊಡ್ಡ ಶಿಕ್ಷೆಯೇನಲ್ಲ. ವಾರದಲ್ಲಿ ಮುಗಿಯುವ ಮಾತು. ಮಾರನೆಯ ಬೆಳಿಗ್ಗೆ ನೊಸಾಖೆ ಗಂಟು ಕಟ್ಟಿಕೊಂಡು ಹೊರಡುವಾಗ ಭಾವ ದೊಡ್ಡಿಯ ಕಡೆ ಮುಖ ಮಾಡಿ ಹೇಳಿದ್ದು ಬೇಲಿಯಾಚೆಗೆ ಕೇಳಿಸಿತು.

"ಬೊನಾ, ಹೋದೋರು ಬೇಗ ಬರಬೇಕು. ಮನೆ ಬಿಕೋ ಅಂತದೆ."

ನೊಸಾಖೆ ಕೋಳಿಗಳಿಗೆ ಏನು ಹೇಳಿದಳೋ ನನಗೆ ಕೇಳಿಸಲಿಲ್ಲ.

ಝುಕಿಸ್ವಾ ನನ್ನ ಒಲೆಯ ಮುಂದೆ ಕುಳಿತಿದ್ದಳು. ಅವಳಿಗೆ ಇನ್ನೂ ಸಿಟ್ಟು, ಅವರು ಬೆನ್ನು ತಿರುಗಿಸಿದ್ದರ ಮೇಲೆ. ನಾನು ಚಹಾ ಕೊಟ್ಟು ಹೇಳಿದೆ.

"ನೋಡದೆ ಇದ್ದದ್ದು ಆಗೇ ಇಲ್ಲ ಅಂತ ಲೆಕ್ಕ, ಮಗಳೇ. ಅದಕ್ಕೇ ತಿರುಗಿದ್ದು. ಅವಳು ನೀರು ತಗೊಂಡು ಹಿತ್ತಲಿಗೆ ಹೋಗಿಬಿಟ್ಟಿದ್ರೆ, ಯಾರ ಹತ್ರಾನೂ ಹೇಳೋಕೆ ಏನೂ ಇರ್ತಿರಲಿಲ್ಲ."

ಚಹಾದ ಮೇಲೆ ಕೆನೆ ಕಟ್ಟಿತು.

"ಅವರು ಮುಚ್ಚಿದ್ದನ್ನ ನಾನು ತೆಗೆದು ತೋರಿಸಿದೆ" ಎಂದಳು.

ಆಮೇಲೆ ಒಬ್ಬಳೇ ಭಾವನ ಮನೆಗೆ ಹೋದಳು, ಕ್ಷಮೆ ಕೇಳಲು. ಭಾವ ಕುರ್ಚಿ ತರಿಸಿ ಹಾಕಿ, ಎದುರಿಗೆ ನಿಂತು, ನೀವು ನೀರು ತಂದವರು, ನಿಮ್ಮ ಮೇಲೆ ನಮ್ಮದೇನೂ ಮಾತಿಲ್ಲ ಎಂದರಂತೆ. ತಾತನಿಗೆ ಕೋಪವಿಲ್ಲ ಅಜ್ಜಿ, ಎಷ್ಟು ಮರ್ಯಾದೆಯಿಂದ ಮಾತಾಡಿದರು ಎಂದು ಬಂದು ಹೇಳಿದಳು. ಅಷ್ಟು ಮರ್ಯಾದೆ ಹೊರಗಿನವರಿಗೆ ಕೊಡುವುದು ಎಂದು ಹೇಳುವ ಮನಸ್ಸು ನನಗೆ ಬರಲಿಲ್ಲ. ಮರುದಿನ ಅವರ ಗಾಡಿ ಹೊರಟಿತು. ಅವಳು ಕಿಟಕಿಯಿಂದ ಆ ನಲ್ಲಿಯನ್ನೇ ನೋಡುತ್ತಿದ್ದಳು.

ಒಂದು ವಾರವಾಯಿತು, ಎರಡಾಯಿತು, ನೊಸಾಖೆ ಬರಲಿಲ್ಲ. ಅವಳ ತವರು ಹೊಳೆಯಾಚೆ, ಎರಡು ಗುಡ್ಡ ದಾಟಿ. ತಂದೆಯಿಲ್ಲ, ಅಣ್ಣನದೇ ಯಜಮಾನಿಕೆ. ಸುದ್ದಿ ಅವನಿಗೆ ಅವಳಿಗಿಂತ ಮೊದಲೇ ತಲುಪಿತ್ತು, ಅದೂ ಕೈಕಾಲು ಬೆಳೆಸಿಕೊಂಡು. ತಂಗಿಯನ್ನು ಕಡಸಿನಂತೆ ಎಳೆತಂದು ಗಂಡಸರ ನಡುವೆ ನಿಲ್ಲಿಸಿದರು, ಮಾವನಾದವನು ಬಾಯಿ ಬಿಡಲಿಲ್ಲ ಎಂದು ಅವನ ಸಿಟ್ಟು. ಮೇಕೆ ನಾನೇಕೆ ಕೊಡಲಿ, ಅವಮಾನ ಮಾಡಿದವರು ತರಲಿ ಎಂದ. ಅಂಗಳ ತುಳಿದವಳ ಕಡೆಯವರೇ ತರಬೇಕು ಎಂದರು ನಮ್ಮ ಹಿರಿಯರು. ಇಬ್ಬರದೂ ತಪ್ಪಿಲ್ಲ. ಹೊಳೆಯ ಈಚೆಗೊಂದು ಮೇಕೆ, ಆಚೆಗೊಂದು ಮೇಕೆ, ಎರಡೂ ತಮ್ಮ ತಮ್ಮ ದೊಡ್ಡಿಯಲ್ಲಿ ಮೆಲುಕು ಹಾಕುತ್ತ ಕುಳಿತವು.

ಆ ದಿನಗಳಲ್ಲೇ ಒಮ್ಮೆ ಬೆಂಕಿಪೊಟ್ಟಣ ಕೇಳಲು ಭಾವನ ಮನೆಗೆ ಹೋದೆ. ಗುಡಿಸಲಿನ ಮೂಲೆಯಲ್ಲಿ ಹೊಸ ರಬ್ಬರು ಕೊಳವೆಯ ಸುರುಳಿ, ಕಟ್ಟಿದ ದಾರ ಕೂಡ ಬಿಚ್ಚಿರಲಿಲ್ಲ. ಇದೇನು ಭಾವ ಎಂದೆ. ಅವರು ಸ್ವಲ್ಪ ಹೊತ್ತು ಪೊಟ್ಟಣ ಹುಡುಕಿದರು. ಆಮೇಲೆ ಹೇಳಿದರು. ನಲ್ಲಿ ತೆರೆದು ಹುಡುಗರು ಊರು ಬಿಟ್ಟ ಮೇಲೆ ಅದರ ಬಾಯಿಗೆ ಇದನ್ನು ಸಿಕ್ಕಿಸಿ, ಗುಡಿಸಲ ಬಳಸಿ ಹಿತ್ತಿಲಿಗೆ ಎಳೆಯುವುದೆಂದಿತ್ತಂತೆ. ಜಾಗ ಕೊಟ್ಟ ರಾತ್ರಿಯೇ ತಪ್ಪು ಹೊಳೆದಿತ್ತಂತೆ. ಹುಡುಗರು ಕಷ್ಟಪಟ್ಟು ಅಗೆದಿದ್ದಾರೆ, ಅವರು ಹೋಗುವ ತನಕ ಸುಮ್ಮನಿರೋಣ, ಇಲ್ಲದಿದ್ದರೆ ನೊಂದುಕೊಳ್ಳುತ್ತಾರೆ ಎಂದುಕೊಂಡರಂತೆ.

"ಬೊನಾಗೆ ಹೇಳಿದ್ದೆ" ಎಂದರು. ಅಂದರೆ ನೊಸಾಖೆಗೆ ಗೊತ್ತಿತ್ತು. ನನಗೆ ಹೊಳೆಯೇ ಎಂದು ಅವಳು ನಕ್ಕದ್ದು ಹಾಗಾಗಿ. ಮಾವನ ಗುಟ್ಟನ್ನು ಕಾಪಾಡಿಕೊಂಡು ನಕ್ಕಿದ್ದಳು.

ಮೇ ತಿಂಗಳಲ್ಲಿ ಹೊಳೆಯಾಚೆ ಹೆಣ್ಣುಮಗು ಹುಟ್ಟಿತು. ಹೆಸರನ್ನೂ ಅಲ್ಲಿಯವರೇ ಇಟ್ಟರು. ಆ ವರ್ಷದ ಕ್ರಿಸ್‌ಮಸ್ಸಿಗೆ ಸಿವುಯಿಲೆ ಬಂದವನು ಹೆಂಡತಿ ಮಗುವನ್ನು ಕರೆತರಲು ಹೋದ. ಭಾವಮೈದುನನೊಡನೆ ಮಾತಿಗೆ ಮಾತು ಬೆಳೆದು, ಒಬ್ಬನೇ ಬಂದು, ರಜೆ ಮುಗಿಯುವ ಮೊದಲೇ ಗಣಿಗೆ ಹೋದ. ಭಾವ ದಿನವೂ ಬೆಳಿಗ್ಗೆ ಗೂಟಕ್ಕೆ ಒರಗಿ ನಿಲ್ಲುತ್ತಿದ್ದರು. ನಾಯಿಗೆ ಹೇಳುವುದು ಏನೂ ಉಳಿದಿರಲಿಲ್ಲ. ಬೊನಾ ಕೆಲವು ಸಲ ಮುಖ ಎತ್ತಿ ಕಾಯುತ್ತಿತ್ತು.

ಆ ಜನವರಿಯಲ್ಲೇ ಝುಕಿಸ್ವಾ ಮತ್ತೆ ಬಂದಳು. ಗುಂಪಿಲ್ಲ, ಬ್ಯಾನರಿಲ್ಲ. ಅಯಾಬೊಂಗಾ, ಅವಳು, ಬಾಡಿಗೆ ಗಾಡಿಯ ಮೇಲೆ ಕಟ್ಟಿದ ಕೊಳವೆ. ಬರುವ ದಾರಿಯಲ್ಲಿ ಅವಳು ನೊಸಾಖೆಯ ಅಣ್ಣನ ಮನೆಗೆ ಹೋಗಿದ್ದಳು. ತಪ್ಪು ನನ್ನದು, ನನ್ನ ಮೇಲೆ ಹಾಕಿ ಅವಳನ್ನು ಕಳಿಸಿ ಎಂದಳಂತೆ. ಅವನು ಚಹಾ ಕೊಟ್ಟು, ನೀನು ಯಾವ ಮನೆಯ ಹಿರಿಯಳು ಎಂದು ಕೇಳಿದನಂತೆ. ಅಷ್ಟೇ. ಕ್ಷಮೆ ನಮ್ಮಲ್ಲಿ ಒಬ್ಬೊಬ್ಬರೇ ಹೊತ್ತು ತರುವ ಸಾಮಾನಲ್ಲ, ಮನೆಯಿಂದ ಮನೆಗೆ ಬರಬೇಕು.

ಅಲ್ಲಿಂದ ಹೊರಟಾಗ ನೊಸಾಖೆ ಮಗುವನ್ನು ಬೆನ್ನಿಗೆ ಕಟ್ಟಿಕೊಂಡು ಅವಳನ್ನು ರಸ್ತೆಯವರೆಗೆ ಕಳಿಸಲು ಬಂದಳು. ಬರಬೇಕಾಗಿರಲಿಲ್ಲ.

"ಬಯ್ತಾಳೆ ಅಂದ್ಕೊಂಡೆ ಅಜ್ಜಿ" ಎಂದಳು ಝುಕಿಸ್ವಾ. "ದಾರೀಲಿ ಕೆಸರು ಎಲ್ಲಿದೆ ಅಂತ ತೋರಿಸ್ತಾ ಬಂದಳು. ಗಾಡಿ ಬಂದಮೇಲೆ ಒಂದೇ ಮಾತು ಕೇಳಿದಳು. ಬೊನಾ ಹೇಗಿದೆ ಅಂತ."

ಅವಳೂ ಅಯಾಬೊಂಗಾನೂ ಸೇರಿ ಗುಡಿಸಲುಗಳ ಹಿಂದೆ ಕಾಲುವೆ ತೋಡಿದರು. ಭಾವ ಬೇಡ ಎನ್ನಲಿಲ್ಲ, ಬೇಕು ಎನ್ನಲಿಲ್ಲ. ಮಟೋಲೊ ಬಂದು ನೋಡಿ, "ಈ ಸಲ ನೆಲಕ್ಕೆ ನೋವಾಗ್ತಿದೆ ಕಣ್ರೋ" ಎಂದಳು, ಆದರೆ ನಗಲಿಲ್ಲ. ತಾನೂ ಗುದ್ದಲಿ ಹಿಡಿದಳು. ಹಿತ್ತಿಲಿನಲ್ಲಿ, ನೊಸಾಖೆ ಕೋಳಿಗಳಿಗೆ ಕಾಳು ಹಾಕುತ್ತಿದ್ದ ಜಾಗದಲ್ಲಿ, ಎರಡನೆಯ ನಲ್ಲಿ ನಿಂತಿತು. ಅಲ್ಲಿಂದ ಅಡುಗೆ ಗುಡಿಸಲಿಗೆ ಕೈಚಾಚುವಷ್ಟು ದೂರ.

ಕೆಲಸ ಮುಗಿದ ಮಧ್ಯಾಹ್ನ ಝುಕಿಸ್ವಾ ಸಲಿಕೆ ತೊಳೆಯುತ್ತಿದ್ದಳು. ಗುಡಿಸಲಿನ ಆ ಬದಿಯಿಂದ ಕೆಮ್ಮು ಕೇಳಿಸಿತು. ಆಮೇಲೆ ಮಾತು.

"ಬೊನಾ, ಬೆಳಿಗ್ಗೆಯಿಂದ ಮಣ್ಣು ಅಗೆದೋರು ಉಣ್ಣದೆ ಹೋಗಬಾರದು. ಒಳಗೆ ಹಿಟ್ಟಿದೆ, ಮೊಸರಿದೆ. ಯಾರೋ ಹೊರಗಿನೋರ ಹಾಗೆ ಬಾಗಿಲಲ್ಲಿ ನಿಲ್ಲೋದು ಬೇಡ."

ಝುಕಿಸ್ವಾ ಸಲಿಕೆ ಹಿಡಿದುಕೊಂಡೇ ನನ್ನ ಕಡೆ ನೋಡಿದಳು. ಅವಳಿಗೆ ಅರ್ಥವಾಗಿತ್ತು. ತಲೆಯ ಉಣ್ಣೆ ಟೋಪಿಯನ್ನು ಕಿವಿ ಮುಚ್ಚುವ ಹಾಗೆ ಎಳೆದುಕೊಂಡಳು, ಅವಳ ಬಳಿ ಇದ್ದ ತಲೆಬಟ್ಟೆ ಅದೊಂದೇ. ಗುಡಿಸಲಿನ ಗೋಡೆಯ ಕಡೆ ಮುಖ ಮಾಡದೆ, ನೆಲ ನೋಡುತ್ತ ಹೇಳಿದಳು.

"ಬೊನಾ, ಹೊಳೆಯಾಚೆ ಒಬ್ಬರು ನಿನ್ನ ಕೇಳಿದ್ರು. ಹೇಗಿದೆ ಅಂತ. ಮಗೂಗೆ ಎರಡು ಹಲ್ಲು ಬಂದಿದೆ. ನಕ್ಕರೆ ಎಡಗೆನ್ನೆ ಮೇಲೆ ಗುಳಿ ಬೀ‍ಳ್ತದೆ."

ನಾನು ನಿಂತ ಜಾಗದಿಂದ ಇಬ್ಬರೂ ಕಾಣುತ್ತಿದ್ದರು. ಭಾವ ಎಡಗೆನ್ನೆಯ ಬಿಳಿಗಡ್ಡದೊಳಗೆ ಬೆರಳಿಟ್ಟುಕೊಂಡರು. ಅಲ್ಲೊಂದು ಗುಳಿ ಇತ್ತೆಂಬುದು ಊರಿನಲ್ಲಿ ನನ್ನ ವಯಸ್ಸಿನವರಿಗಷ್ಟೇ ನೆನಪು. ಆಮೇಲೆ ಅವರ ದನಿ ಬಂತು.

"ಬೊನಾ, ಮೇಕೆ ಯಾರದ್ದಾದ್ರೇನು. ಬರಿಗೈಲಿ ಹೋಗೋದು ಸರಿಯಲ್ಲ. ಜೋಳದ ಕೊಯ್ಲು ಆಗ್ಲಿ, ಹೊಸ ತೆನೆ, ಮೇಕೆ, ಎರಡೂ ಹಿಡ್ಕೊಂಡು ನಾನೇ ಹೋಗ್ತೀನಿ."

ಕೊಯ್ಲಿಗೆ ಇನ್ನೂ ನಾಲ್ಕೈದು ತಿಂಗಳಿತ್ತು. ಯಾರಿಗೂ ಅದು ದೂರವೆನಿಸಲಿಲ್ಲ. ಅಂದು ಝುಕಿಸ್ವಾ ಆ ಮನೆಯ ಒಲೆ ಹಚ್ಚಿದಳು, ಗಂಜಿಯ ತಳ ಹತ್ತಿಸಿದಳು, ಭಾವ ತಳ ಹತ್ತಿದ್ದನ್ನೂ ಕೆರೆದು ಉಂಡರು.

ನಮ್ಮಲ್ಲಿ ಚಳಿ ಶುರುವಾಗುವುದು ಏಪ್ರಿಲಿಗೆ, ಆ ಚಳಿಗೆ ಅವರ ಎದೆ ಕಟ್ಟಿತು. ತೆನೆ ಹೊಲದಲ್ಲೇ ಒಣಗುತ್ತ ನಿಂತಿತ್ತು. ಮ್ತಾತಾ ಪಟ್ಟಣದ ಆಸ್ಪತ್ರೆಗೆ ಕರೆದೊಯ್ಯುವ ಗಾಡಿ ಬರುವ ಮೊದಲೇ ಹೋಗಿಬಿಟ್ಟರು.

ಮಣ್ಣಿಗೆ ಗಣಿಯಿಂದ ಸಿವುಯಿಲೆ ಬಂದ, ತವರಿನಿಂದ ನೊಸಾಖೆ ಬಂದಳು. ಅವಳ ಅಣ್ಣನೂ ಬಂದ, ಹಗ್ಗ ಕಟ್ಟಿದ ಮೇಕೆಯೊಂದನ್ನು ಹಿಡಿದುಕೊಂಡು. ನಮ್ಮ ಹಿರಿಯರು ಮಾತಿಲ್ಲದೆ ಹಗ್ಗ ಈಸಿಕೊಂಡು ಗೂಟಕ್ಕೆ ಕಟ್ಟಿದರು. ಅಷ್ಟು ಸುಲಭವಿತ್ತು ಅದು. ಝುಕಿಸ್ವಾ ಸುದ್ದಿ ತಿಳಿದು ಬಂದಿದ್ದಳು, ಎಲ್ಲರಿಗಿಂತ ಹಿಂದೆ ನಿಂತಿದ್ದಳು.

ಭಾವನಿಗೆ ಗುಂಡಿ ತೋಡಿದ್ದು ದೊಡ್ಡಿಯ ಪಕ್ಕದಲ್ಲೇ, ತಂದೆಯ ಮಗ್ಗುಲಿಗೆ. ಪೆಟ್ಟಿಗೆ ಅಂಗಳ ದಾಟಿತು. ನೊಸಾಖೆ ಗುಡಿಸಲಿನ ಅಂಚಿನಲ್ಲಿ, ಅಂದು ನಿಂತಿದ್ದ ಜಾಗದಲ್ಲೇ, ನಿಂತುಬಿಟ್ಟಳು. ನಾನು ಹೋಗಿ ಅವಳ ಕೈ ಹಿಡಿದೆ. ನನ್ನ ಮೊಣಕಾಲು ನಿಜವಾಗಿಯೂ ಕೈಕೊಟ್ಟಿತ್ತು, ಅವಳೇ ನನ್ನನ್ನು ಆತುಕೊಂಡಳು. ಹಾಗೆ ಇಬ್ಬರೂ ದಾಟಿದೆವು. ಯಾರೂ ಬೆನ್ನು ತಿರುಗಿಸಲಿಲ್ಲ. ತಿರುಗಿಸಬೇಕಾದವರು ಮಣ್ಣಿಗಿಳಿಯುತ್ತಿದ್ದರು.

ಮಣ್ಣು ಕೊಟ್ಟು ಬಂದವರು ಕೈ ತೊಳೆಯಬೇಕು. ಅದಕ್ಕೆ ನೀರು ಇಡುವುದು ಮನೆಯ ಸೊಸೆಯ ಕೆಲಸ. ನೊಸಾಖೆ ಬೋಗುಣಿ ಹಿಡಿದು ಹಿತ್ತಿಲಿಗೆ ಬಂದು, ಆ ಎರಡನೆಯ ನಲ್ಲಿಯನ್ನು ಮೊದಲ ಸಲ ನೋಡಿದಳು. ಝುಕಿಸ್ವಾ ಹತ್ತಿರದಲ್ಲೇ ಇದ್ದಳು. ಝುಕಿಸ್ವಾ ಮಗುವನ್ನು ಎತ್ತಿಕೊಳ್ಳಲು ಕೈ ಚಾಚಿದಳು, ನೊಸಾಖೆ ಬೆನ್ನಿನ ಗಂಟು ಬಿಚ್ಚಿ ಕೊಟ್ಟಳು. ಮಗು ನಕ್ಕಿತು, ಎಡಗೆನ್ನೆಯಲ್ಲಿ ಗುಳಿ ಬಿತ್ತು.

ನಲ್ಲಿ ತಿರುಗಿಸಿದ ಸದ್ದಿಗೆ ಬೊನಾ ಎಲ್ಲಿಂದಲೋ ಎದ್ದು ಬಂತು. ನೊಸಾಖೆ ಬಗ್ಗಿ ಅದರ ಕಿವಿಯ ಹಿಂದೆ ಒದ್ದೆ ಕೈಯಿಟ್ಟಳು.

"ಬೊನಾ, ನೀರು ಹತ್ತಿರ ಆಯ್ತು ಅಂತ ಹೇಳು" ಎಂದಳು.

ನಾಯಿ ದೊಡ್ಡಿಯ ಕಡೆ ನೋಡಿತು. ಬೋಗುಣಿ ತುಂಬಿ ಹರಿಯತೊಡಗಿತ್ತು. ನಾನು ಹೋಗಿ ನಲ್ಲಿ ನಿಲ್ಲಿಸಿದೆ.